ಒಣಗುವವರೆಗೆ ಕೇಳಲು

ಮುರೊರಾನ್ ಬಂದರಿನ ಹಿಂದಣ ಬೀದಿ.
ನಾಣ್ಯ ಹಾಕಿದರೆ ತಿರುಗುವ ಹನ್ನೊಂದು ಯಂತ್ರ,
ಒಂದು ಕೆಟ್ಟಿದೆ.
ಕಾಯುವವಳು ನಾನು, ಇತ್ಸುಯೊ. ವಯಸ್ಸು ಐವತ್ತೆರಡು.

ಮಂಗಳವಾರ ರಾತ್ರಿ ಇಬುಕಿ ಬರುತ್ತಾನೆ,
ಉಕ್ಕಿನ ಕಾರ್ಖಾನೆಯ ಅಪ್ಪನ ನೀಲಿ ಅಂಗಿಗಳ ಹೊರೆ ಹೊತ್ತು.
ಹದಿನೈದರ ಹುಡುಗ, ಹೆಸರಿಗೆ ಉಸಿರೆಂದು ಅರ್ಥ,
ಮಾತಿಗೆ ಮಾತ್ರ ಅದನ್ನು ಖರ್ಚು ಮಾಡುವವನಲ್ಲ.
ಕಿವಿಯೊಳಗೆ ಸದಾ ಯಾರೋ ಹಾಡುತ್ತಿರುತ್ತಾರೆ.

"ಏನು ಕೇಳ್ತಿದ್ದೀಯ?" ಎಂದಿದ್ದೆ ಒಮ್ಮೆ,
ಎಳೆಯರನ್ನು ಕೇಳುವ ಹಾಗೆ, ಉತ್ತರ ಬೇಕಿಲ್ಲದೆ.
ಮುಂದಿನ ವಾರ ರಸೀದಿಯ ಬೆನ್ನಿಗೆ
ಪೆನ್ಸಿಲಿನಲ್ಲಿ ಬರೆದು ತಂದ:
ನಿಮಗೆ. ಆರು ಹಾಡು. ಒಂದು ಹೊರೆ ಒಣಗುವಷ್ಟು.

"ಹಾಡುವವಳು ಮನುಷ್ಯಳಲ್ಲ," ಎಂದ,
ಮೆಣಸಿನಕಾಯಿ ಖಾರವಿದೆ ಎಂದು ಮೊದಲೇ ಹೇಳುವವನಂತೆ.
"ಶುರುವಿನಲ್ಲಿ ತಗಡು ಬಡಿದ ಹಾಗಿರುತ್ತೆ.
ಮೂರನೆಯದಕ್ಕೆ ಬರುವಷ್ಟರಲ್ಲಿ ಒಗ್ಗುತ್ತೆ."

ಮೊದಲನೆಯದು ಕೊನೆಯ ಬಸ್ಸು ತಪ್ಪಿದವರಿಗಂತೆ.
ಎರಡನೆಯದು ಬಹಳ ವೇಗ, ಪದ ಹಿಡಿಯಲು ಓಡಬೇಡಿ.
ಮೂರು: ಹಳೆಯ ಫ್ರಿಜ್ಜು ಒಡತಿಗೆ ಬರೆದ ಕಾಗದ,
ನಗು ಬರುತ್ತೆ, ಆಮೇಲೆ ಬರಲ್ಲ.
ನಾಲ್ಕನ್ನು ಮಾಡಿದವರು ಅದೊಂದನ್ನೇ ಮಾಡಿ ಸುಮ್ಮನಾದರು,
ಯಾರೆಂದು ಯಾರಿಗೂ ಗೊತ್ತಿಲ್ಲ.
ಐದರ ಮುಂದೆ ಏನೋ ಬರೆದು ಉಜ್ಜಿ ಅಳಿಸಿದ್ದಾನೆ.
ಆರು, ಬಟ್ಟೆ ಮಡಿಸುವಾಗ.

ಇಬುಕಿ, ನಿನಗೆ ಹೇಳುವಂತಿಲ್ಲ. ಸಹಿ ಹಾಕಿದ್ದೇನೆ.

ಇಪ್ಪತ್ತು ವರ್ಷದ ಹಿಂದೆ ಟೋಕಿಯೋದಲ್ಲಿ
ಗೋಡೆಗೆಲ್ಲ ಕಂಬಳಿ ಹೊದಿಸಿದ ಕೋಣೆಯಲ್ಲಿ
ನಾಲ್ಕು ದಿನ ಕಾಗುಣಿತ ಹೇಳಿದೆ.
ಕ ಕಿ ಕು ಕೆ ಕೊ. ಸ ಶಿ ಸು ಸೆ ಸೊ.
ಮೂರು ಎತ್ತರದಲ್ಲಿ, ನೂಲು ಹಿಡಿದಷ್ಟು ಸಮ.
ಸಂತೋಷ ಬೇಡ, ದುಃಖವೂ ಬೇಡ, ಎಂದರು ಗಾಜಿನಾಚೆಯವರು,
ಅದನ್ನೆಲ್ಲ ಕೊಂಡವರು ಬೆರೆಸಿಕೊಳ್ಳುತ್ತಾರೆ.
ಅಕ್ಕಿ ಆರಿಸಿದಂತೆ ನನ್ನನ್ನು ಆರಿಸಿದರು:
ಇದಿರಲಿ. ಇದರಲ್ಲಿ ಕಲ್ಲಿದೆ.
ಮೂರನೆಯ ದಿನ ನೆಗಡಿ.
ನಾಲ್ಕನೆಯ ದಿನ ಬರೀ ಉಸಿರು:
ಎಳೆದದ್ದು, ಬಿಟ್ಟದ್ದು, ಎರಡು ಪದದ ನಡುವೆ ಕದ್ದದ್ದು.

ಕೊಟ್ಟ ಹಣ ಎಂಟು ತಿಂಗಳ ಬಾಡಿಗೆಗಾಯಿತು,
ಒಂದು ಹಲ್ಲು ಕಟ್ಟಿಸಿದೆ.
ಡಬ್ಬಿಯ ಮೇಲೆ ನೇರಳೆ ಕೂದಲಿನ ಹುಡುಗಿಯ ಚಿತ್ರ,
ವಯಸ್ಸು ಹದಿನಾರು, ಇಂದಿಗೂ.
ಅವಳಿಗೆ ಗಂಟಲು ಕಟ್ಟುವುದಿಲ್ಲ. ಮುಟ್ಟು ನಿಲ್ಲುವುದಿಲ್ಲ.
ನಾನು ಅವಳನ್ನು ಕೇಳಿಯೇ ಇರಲಿಲ್ಲ.
ಉದುರಿದ ನನ್ನ ಹಲ್ಲು ಇನ್ನೊಬ್ಬರ ಬಾಯಲ್ಲಿ ನಕ್ಕರೆ
ನೋಡಲು ಯಾರು ಹೋಗುತ್ತಾರೆ?

ಆ ರಾತ್ರಿ ಶಟರ್ ಎಳೆದು ಕೇಳಿದೆ.
ಬಸ್ಸು ತಪ್ಪಿತು, ಪದಗಳು ಓಡಿದವು,
ಫ್ರಿಜ್ಜಿಗೆ ನಕ್ಕೆ.
ಐದರ ಹೊತ್ತಿಗೆ ರಸೀದಿಯನ್ನು ದೀಪಕ್ಕೆ ಓರೆ ಹಿಡಿದೆ,
ಪೆನ್ಸಿಲು ಹೋದರೂ ಅದರ ಗೀರು ಉಳಿದಿತ್ತು:
'ಇದು ನಾನು ಮಾಡಿದ್ದು.'

ನಲವತ್ತಮೂರು ಜನ ಕೇಳಿದ ಹಾಡು.
ಪಾಳಿ ಮುಗಿಸಿದವನೊಬ್ಬ ಬಾಗಿಲಲ್ಲಿ ಬೂಟು ಬಿಚ್ಚುತ್ತಾನೆ,
ಒಳಗೆ ಯಾರೂ ಎದ್ದಿಲ್ಲ, ಆದರೂ ಹೇಳುತ್ತಾನೆ,
ನಮ್ಮಲ್ಲಿ ಮನೆ ಹೊಕ್ಕವರೆಲ್ಲ ಹೇಳುವ ಮಾತು:
ತದಾಇಮಾ. ಬಂದೆ.

ತ ಎರಡನೆಯ ದಿನದ್ದು.
ದ ಅದೇ ಸಂಜೆ, ಊಟಕ್ಕೆ ಮುಂಚಿನದು.
ಇ ಮೊದಲ ದಿನ, ಹೆದರಿಕೆಯಲ್ಲಿ.
ಮ ನೆಗಡಿಯದು, ಅರ್ಧ 'ಬ' ಆಗಿ ಮೂಗಲ್ಲಿ ಸಿಕ್ಕಿದ್ದು,
ಕಲ್ಲಿದ್ದರೂ ಇರಲಿ ಎಂದು ಬಿಟ್ಟಿದ್ದರು.
ಬೇರೆ ಬೇರೆ ದಿನ ಚೆಲ್ಲಿದ ಕಾಳನ್ನು
ಈ ಹುಡುಗ ಒಂದು ತುತ್ತು ಮಾಡಿದ್ದಾನೆ.
ಹನ್ನೆರಡು ವರ್ಷದಿಂದ ಒಬ್ಬಳೇ ಬೀಗ ತೆಗೆಯುವವಳು,
ನಾನು ಆ ಮಾತು ಬಿಟ್ಟು ಎಷ್ಟು ಕಾಲವಾಯಿತು.

ಮಂಗಳವಾರ ಬಂದ. ಹೊರೆ ತುಂಬಿದ.
ಏನೂ ಕೇಳಲಿಲ್ಲ, ಕಿವಿಯ ಗುಂಡಿಗಳನ್ನು ಮಾತ್ರ ತೆಗೆದಿಟ್ಟಿದ್ದ.

"ಐದನೆಯದು," ಎಂದೆ, "ಕೊನೆಯ 'ಮ' ಅವಸರದಲ್ಲಿ ಮುಗಿಯುತ್ತೆ.
ಅರ್ಧ ಉಸಿರು ಮುಂಚೆ ಇಟ್ಟು, ಉದ್ದಕ್ಕೆ ಎಳೆ.
ಅವಳಿಂದ ಆಗುತ್ತೆ."

"ನಿಮಗೆ ಹೇಗೆ ಗೊತ್ತು?"

ಏಳನೆಯ ಯಂತ್ರ ಟಿಂಗೆಂದಿತು.
ಅಂಗಿಗಳಿನ್ನೂ ಬಿಸಿ. ಎಡಗಡೆಯ ಜೇಬು, ಎಂದಿನಂತೆ, ಸ್ವಲ್ಪ ಹಸಿ.